ನಮ್ಮ ಮಕ್ಕಳ ತಟ್ಟೆಯ ಉಪ್ಪು ಯಾರ ಲೆಕ್ಕ?

ರಜೆಗೆ ಊರಿಗೆ ಹೋಗುವಾಗ ನಾವು ಹಾಸ್ಟೆಲ್ಲಿನವರು ಬಸ್ ಇಳಿದ ಕೂಡಲೆ ಮೊದಲು ಮಾಡುವ ಕೆಲಸ ಏನು? ಮೂಡಿಗೆರೆಯಾಗಲಿ, ಕೊಟ್ಟಿಗೆಹಾರವಾಗಲಿ, ಕಳಸವಾಗಲಿ, ಅಂಗಡಿ ಮುಂದೆ ತೋರಣದ ಹಾಗೆ ನೇತುಬಿಟ್ಟ ಐದು ರೂಪಾಯಿ ಪೊಟ್ಟಣಗಳಲ್ಲಿ ಒಂದು ಸರ ಕಿತ್ತುಕೊಡಿ ಅನ್ನುತ್ತೇವೆ. ಚಿಪ್ಸು, ಖಾರದ ಕಡ್ಡಿ, ನೂಡಲ್ಸು. ತೋಟದ ದಾರಿ ಇಳಿದು ಲೈನು ಮುಟ್ಟುವಷ್ಟರಲ್ಲಿ ಮಕ್ಕಳು ‘ಮಾವ ಬಂದ, ಮಾವ ಬಂದ’ ಅಂತ ಓಡಿ ಬಂದು ಕೈಚೀಲಕ್ಕೆ ಜೋತುಬೀಳುತ್ತವೆ. ಆಗ ನಮಗೂ ಎದೆ ಉಬ್ಬುತ್ತೆ. ಓದಿದ ಮಗ ಬರಿಗೈಯಲ್ಲಿ ಬರಲಿಲ್ಲ ಅಂತ ಅವ್ವನಿಗೂ ಸಮಾಧಾನ.

ಹಣ್ಣು ಕುಯ್ಯುವ ಕಾಲದಲ್ಲಿ ಒಮ್ಮೆ ಹೀಗೇ ಹೋದೆವು. ಅಕ್ಕನ ಮಗಳಿಗೆ ನಾಲ್ಕು ವರ್ಷ. ಪೊಟ್ಟಣ ಖಾಲಿ ಮಾಡಿ, ಅದನ್ನು ಸೀಳಿ, ಒಳಗಿನ ಬೆಳ್ಳಿ ಹಾಳೆಯನ್ನೂ ನೆಕ್ಕಿದಳು. ಆಮೇಲೆ ಅಕ್ಕ ಅನ್ನಕ್ಕೆ ಕೆಸುವಿನ ಸೊಪ್ಪಿನ ಸಾರು ಬಿಟ್ಟು ತುತ್ತು ಇಟ್ಟರೆ ಉಗುಳಿಬಿಟ್ಟಳು. ‘ಸಪ್ಪೆ’ ಅಂದಳು. ಪಕ್ಕದಲ್ಲಿ ಕೂತಿದ್ದ ಅಜ್ಜಿ ‘ಪಾಪ, ನಾಲಿಗೆಗೆ ಹತ್ತಲ್ಲ ಕಣೆ’ ಅಂತ ಡಬ್ಬಿಯಿಂದ ಚಿಟಿಕೆ ಉಪ್ಪು ತೆಗೆದು ತಟ್ಟೆ ಮೇಲೆ ಉದುರಿಸಿದಳು. ಎಡಗೈಯಲ್ಲಿ ಉದುರಿಸಿದಳು. ಅವಳ ಬಲಗೈ ಲಕ್ವ ಹೊಡೆದು ಬಿದ್ದುಹೋಗಿ ಎರಡು ವರ್ಷ. ಬಿ.ಪಿ. ಇದೆ ಅಂತ ಗೊತ್ತಾದದ್ದೇ ಆವತ್ತು, ಆಸ್ಪತ್ರೆಯ ಮಂಚದ ಮೇಲೆ.

ಆ ಎಡಗೈ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಕೆಲವು ಗೆಳೆಯರು ಕೇಳಬಹುದು. ಭೂಮಿಯ ಪ್ರಶ್ನೆ ಇದೆ, ಕೂಲಿಯ ಪ್ರಶ್ನೆ ಇದೆ, ದೌರ್ಜನ್ಯದ ಪ್ರಶ್ನೆ ಇದೆ. ಇವರೇನಪ್ಪಾ ಉಪ್ಪು ಹಿಡಿದುಕೊಂಡು ಕೂತರು ಅಂತ. ಸ್ವಲ್ಪ ತಾಳಿ. ಈ ಉಪ್ಪಿನ ಹರಳಿನೊಳಗೇ ಕೂಲಿಯ ಪ್ರಶ್ನೆಯೂ ಇದೆ, ಭೂಮಿಯ ಪ್ರಶ್ನೆಯೂ ಇದೆ.

ಮೊದಲು ಲೆಕ್ಕ ತಿಳಿದುಕೊಳ್ಳೋಣ. ಉಪ್ಪಿನಲ್ಲಿ ನೂರಕ್ಕೆ ನಲವತ್ತು ಪಾಲು ಸೋಡಿಯಂ. ಮೈಗೆ ಸೋಡಿಯಂ ಬೇಕು, ಆದರೆ ಸ್ವಲ್ಪ ಸಾಕು. ಹೆಚ್ಚಾದರೆ ಮೈ ನೀರು ಹಿಡಿದಿಟ್ಟುಕೊಳ್ಳುತ್ತೆ, ರಕ್ತದ ಒತ್ತಡ ಏರುತ್ತೆ, ಗುಂಡಿಗೆಗೂ ಮೂತ್ರಪಿಂಡಕ್ಕೂ ಮಿದುಳಿನ ನರಕ್ಕೂ ಪೆಟ್ಟು ಬೀಳುತ್ತೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದೊಳಗೆ, ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಮ್ಮ ದೇಶದವರು ಸರಾಸರಿ ಅದರ ಒಂದೂವರೆ ಪಟ್ಟಿಗೂ ಹೆಚ್ಚು ತಿನ್ನುತ್ತಾರೆ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 3 ಗ್ರಾಂ ಮೀರಬಾರದು ಅಂತ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಲೆಕ್ಕ ಹಾಕಿದೆ. ವರ್ಷ ತುಂಬದ ಕೂಸಿನ ಊಟಕ್ಕೆ ಉಪ್ಪು ಹಾಕುವುದೇ ಬೇಡ.

ಚಿಕ್ಕಂದಿನಲ್ಲಿ ಏರಿದ ಒತ್ತಡ ದೊಡ್ಡವರಾದ ಮೇಲೂ ಬೆನ್ನು ಹತ್ತಿ ಬರುವುದು ಹೆಚ್ಚು. ಚಿಕ್ಕಂದಿನಲ್ಲಿ ಹತ್ತಿದ ರುಚಿಯೂ ಹಾಗೇ. ಅಜ್ಜಿಯ ಕೈ ಬಿದ್ದದ್ದು ಅರವತ್ತಕ್ಕೆ. ಆದರೆ ಅದರ ಬೀಜ ಬಿದ್ದದ್ದು ಅವಳು ನಾಲ್ಕು ವರ್ಷದವಳಿದ್ದಾಗ ಇರಬಹುದು.

ಹಾಗಾದರೆ ಈ ರುಚಿ ನಮ್ಮ ನಾಲಿಗೆಗೆ ಹತ್ತಿಸಿದವರು ಯಾರು?

ಅಜ್ಜಿಯನ್ನೇ ಕೇಳಿದೆವು. ‘ಗಂಜಿಗೆ ಇನ್ನೇನ್ ಇತ್ತು ಮಗ? ಉಪ್ಪು, ಒಂದ್ ಸೂಜಿಮೆಣಸು. ಅಷ್ಟೆ’ ಅಂದಳು. ತೋಟದ ಧಣಿ ಕೊಟ್ಟ ಕೂಲಿಗೆ ಅಕ್ಕಿ ಬರುತ್ತಿತ್ತು, ಬೇಳೆ ಬರುತ್ತಿರಲಿಲ್ಲ. ಉಪ್ಪು ಅಗ್ಗ. ಒಂದು ಹರಳು ಕಚ್ಚಿಕೊಂಡರೆ ಒಂದು ಗುಟುಕು ಗಂಜಿ ಇಳಿಯುತ್ತೆ. ಬೇಳೆ ಇರಬೇಕಾದ ಜಾಗದಲ್ಲಿ, ಪಲ್ಯ ಇರಬೇಕಾದ ಜಾಗದಲ್ಲಿ, ಮೊಟ್ಟೆ ಮೀನು ಇರಬೇಕಾದ ಜಾಗದಲ್ಲಿ ಉಪ್ಪು ಕೂತಿತು.

ಮಳೆಗಾಲದಲ್ಲಂತೂ ಕೇಳಲೇಬೇಡಿ. ಈ ಬೆಟ್ಟದ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಕೆಲಸ ನಿಂತರೆ ಕೂಲಿ ಇಲ್ಲ, ಕೂಲಿ ಇಲ್ಲದವನಿಗೆ ಸಂತೆ ಇಲ್ಲ. ಆಗ ಲೈನಿನ ಮನೆಯ ಅಟ್ಟದ ಮೇಲೆ ಉಳಿಯುವುದು ಉಪ್ಪಿನಲ್ಲಿ ಬದುಕುಳಿದ ಪದಾರ್ಥ ಮಾತ್ರ. ಉಪ್ಪಿನಕಾಯಿ, ಉಪ್ಪು ನೀರಿಗೆ ಹಾಕಿಟ್ಟ ಕಳಲೆ, ಒಣಮೀನು, ಸೀಗಡಿ. ಘಟ್ಟದ ಕೆಳಗಿಂದ ಉಪ್ಪು, ಒಣಮೀನು ಹತ್ತಿ ಬರುತ್ತಿದ್ದವು. ಮೇಲಿಂದ ಅಕ್ಕಿ, ಮೆಣಸು ಇಳಿಯುತ್ತಿದ್ದವು. ಘಟ್ಟದ ಬುಡದ ಉಪ್ಪಿನಂಗಡಿಯ ಹೆಸರೇ ಆ ವ್ಯಾಪಾರದ ಕತೆ ಹೇಳುತ್ತೆ. ಇಳಿದ ಮೆಣಸಿನ ದುಡ್ಡು ಯಾರ ಮನೆ ಸೇರಿತು, ಹತ್ತಿದ ಉಪ್ಪು ಯಾರ ರಕ್ತ ಸೇರಿತು ಅನ್ನುವುದನ್ನು ಆ ಹೆಸರು ಹೇಳುವುದಿಲ್ಲ.

ನಮ್ಮ ತಟ್ಟೆಯಲ್ಲಿ ಏನಿರಬೇಕು, ಏನಿರಬಾರದು ಅನ್ನುವುದನ್ನು ಯಾವತ್ತೂ ಬೇರೆಯವರೇ ತೀರ್ಮಾನ ಮಾಡಿದರು. 1936ರಲ್ಲಿ ಜೈಪುರ ಸಂಸ್ಥಾನದ ಚಕ್ವಾರಾ ಊರಿನಲ್ಲಿ ನಮ್ಮವರು ಔತಣದ ಊಟಕ್ಕೆ ತುಪ್ಪ ಬಡಿಸಿದರು ಅನ್ನುವ ಒಂದೇ ಕಾರಣಕ್ಕೆ ಸವರ್ಣೀಯರು ಬಂದು ಬಡಿದರು. ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ ಈ ಘಟನೆಯನ್ನು ದಾಖಲು ಮಾಡಿದ್ದಾರೆ. ತುಪ್ಪ ತಿಂದರೆ ಹೊಡೆಯುವವರು ಉಪ್ಪು ತಿಂದರೆ ಯಾರೂ ಹೊಡೆಯಲಿಲ್ಲ. ಅದು ನಮ್ಮ ಪಾಲಿಗೆ ಬಿಟ್ಟದ್ದು.

ಇನ್ನು ಈ ಗಾದೆಗಳನ್ನು ನೋಡಿ. ‘ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ.’ ಕೂಲಿ ಹೆಚ್ಚು ಕೇಳಿದ ನಮ್ಮ ಅಪ್ಪಂದಿರ ಬಾಯಿ ಮುಚ್ಚಿಸಲು ಎಷ್ಟು ತೋಟಗಳಲ್ಲಿ ಈ ಮಾತು ಬಂದಿಲ್ಲ? ‘ನಮ್ಮ ಉಪ್ಪು ತಿಂದು ನಮಗೇ ಎದುರು ಮಾತಾಡ್ತೀಯೇನೋ?’ ಇದಕ್ಕೆ ಉತ್ತರ ಈಗ ಹೇಳಬೇಕು. ಸ್ವಾಮಿ, ಉಪ್ಪೊಂದನ್ನೇ ತಿನ್ನಿಸಿದಿರಿ. ಋಣ ನಮ್ಮ ಮೇಲಿಲ್ಲ, ನಿಮ್ಮ ಮೇಲಿದೆ. ಇನ್ನೊಂದು ಗಾದೆ, ‘ಉಪ್ಪು ತಿಂದವನು ನೀರು ಕುಡಿಯಲೇಬೇಕು.’ ಹೀಗೆ ಅಂದವರೇ ಕೆರೆಯ ನೀರು ಮುಟ್ಟಬೇಡ ಅಂದರು. 1930ರಲ್ಲಿ ದಂಡಿಯಲ್ಲಿ, ನಮ್ಮ ಅಂಕೋಲೆಯಲ್ಲಿ ಉಪ್ಪಿಗಾಗಿ ಜನ ಸೇರಿದರು. ಅದಕ್ಕೆ ಮೂರು ವರ್ಷ ಮೊದಲೇ, 1927ರಲ್ಲಿ, ನಮ್ಮವರು ಮಹಾಡದ ಚೌದಾರ್ ಕೆರೆಗೆ ನೀರಿಗಾಗಿ ನಡೆದಿದ್ದರು.

ಇದು ಹಳೆಯ ಉಪ್ಪಿನ ಕತೆ. ಈಗ ಹೊಸ ಉಪ್ಪು ಬಂದಿದೆ. ಅದು ಬಣ್ಣದ ಪೊಟ್ಟಣದಲ್ಲಿ ಬರುತ್ತೆ.

ಹಸಿವು ಕಲಿಸಿದ ನಾಲಿಗೆ ನಮ್ಮದು. ಆ ನಾಲಿಗೆ ಸಿದ್ಧವಾಗಿಯೇ ಇತ್ತು. ಕಂಪನಿಯವನು ಬಂದು ಅದರ ಮೇಲೆ ಅಂಗಡಿ ಇಟ್ಟ. ಆಲೂಗಡ್ಡೆ, ಮೈದಾ, ಜೋಳದ ಹಿಟ್ಟು, ತಾಳೆ ಎಣ್ಣೆ, ಇವು ಅಗ್ಗದ ಪದಾರ್ಥ, ತಮ್ಮಷ್ಟಕ್ಕೆ ಸಪ್ಪೆ. ಅದಕ್ಕೆ ರುಚಿ ಹತ್ತಿಸುವುದೂ ಇನ್ನೊಂದು ಬೇಕು ಅನ್ನಿಸುವುದೂ ಉಪ್ಪು. ಉಪ್ಪು ತಿಂದ ಮಗುವಿಗೆ ದಾಹ. ದಾಹಕ್ಕೆ ಅದೇ ಅಂಗಡಿಯಲ್ಲಿ ಬಣ್ಣದ ಸಿಹಿ ನೀರಿನ ಬಾಟಲಿ. ಗಾದೆಯನ್ನೂ ವ್ಯಾಪಾರ ಮಾಡಿಬಿಟ್ಟರು.

ನೂಡಲ್ಸ್ ಪೊಟ್ಟಣದ ಬೆನ್ನು ತಿರುಗಿಸಿ ಓದಿ. ಇರುವೆ ಸಾಲಿನಂಥ ಅಕ್ಷರದಲ್ಲಿ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತೆ. ಒಂದು ಸಣ್ಣ ಪೊಟ್ಟಣದಲ್ಲಿ 800 ಮಿಲಿಗ್ರಾಂ ಸೋಡಿಯಂ ಇದ್ದರೆ 2 ಗ್ರಾಂ ಉಪ್ಪು. ನಾಲ್ಕು ವರ್ಷದ ಮಗುವಿನ ಇಡೀ ದಿನದ ಪಾಲಿನಲ್ಲಿ ಮೂರರಲ್ಲಿ ಎರಡು ಭಾಗ ಒಂದೇ ತಟ್ಟೆಯಲ್ಲಿ ಮುಗಿಯಿತು. ನಾಲಿಗೆಗೆ ಉಪ್ಪು ಅನ್ನಿಸದ ಪದಾರ್ಥದಲ್ಲೂ ಅದು ಅಡಗಿದೆ. ಚಹಾಕ್ಕೆ ಅದ್ದಿ ತಿನ್ನುವ ಬನ್ನು, ರಸ್ಕು, ಸಿಹಿ ಬಿಸ್ಕತ್ತಿನಲ್ಲೂ ಉಪ್ಪು ಇದೆ, ಸೋಡಾ ಇದೆ. ಆ ಸೋಡಾದಲ್ಲೂ ಸೋಡಿಯಮ್ಮೇ ಇರುವುದು. ಹಪ್ಪಳ, ಉಪ್ಪಿನಕಾಯಿ ಹೇಳುವುದೇ ಬೇಡ.

ಆದರೆ ಆ ಸಣ್ಣ ಅಕ್ಷರ ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿ, ಇಲ್ಲವೆ ಹಿಂದಿಯಲ್ಲಿ ಇದ್ದರೆ ಸಾಕು ಅನ್ನುತ್ತೆ ಕೇಂದ್ರದ ಆಹಾರ ನಿಯಮ. ಬೇರೆ ಭಾಷೆ ಹಾಕುವುದು ಕಂಪನಿಯ ಮರ್ಜಿ. ಜಾಹೀರಾತು ಮಾತ್ರ ಅಚ್ಚ ಕನ್ನಡದಲ್ಲಿ ಬರುತ್ತೆ. ಕೊಳ್ಳು ಅಂತ ಕನ್ನಡದಲ್ಲಿ ಕರೆದು, ಒಳಗೇನಿದೆ ಅಂತ ಇಂಗ್ಲಿಷಿನಲ್ಲಿ ಹೇಳುವುದು ಯಾವ ನ್ಯಾಯ? ಐದನೇ ಇಯತ್ತೆಗೆ ಶಾಲೆ ಬಿಟ್ಟು ಕಾಫಿ ಬುಟ್ಟಿ ಹಿಡಿದ ನಮ್ಮ ಅಕ್ಕ ಅದನ್ನು ಹೇಗೆ ಓದಬೇಕು?

ಚಿಲಿ ಅನ್ನುವ ದೇಶ ಇದೆ, ದಕ್ಷಿಣ ಅಮೆರಿಕದಲ್ಲಿ. ಅಲ್ಲಿ 2016ರಿಂದ ಉಪ್ಪು, ಸಕ್ಕರೆ, ಕೊಬ್ಬು ಮಿತಿ ಮೀರಿದ ಪೊಟ್ಟಣದ ಎದೆಯ ಮೇಲೇ ಎಂಟು ಮೂಲೆಯ ಕರಿ ಮುದ್ರೆ ಒತ್ತಬೇಕು, ಅಂಥದ್ದನ್ನು ಶಾಲೆಯಲ್ಲಿ ಮಾರುವ ಹಾಗಿಲ್ಲ. ಅಕ್ಷರ ಬಾರದವರೂ ಆ ಕರಿ ಗುರುತು ನೋಡಿದರೆ ಸಾಕು. ನಮ್ಮಲ್ಲಿ 2022ರಲ್ಲಿ ಒಂದು ಕರಡು ಬಂತು. ಎಚ್ಚರಿಕೆ ಮುದ್ರೆ ಬೇಡ, ಪದಾರ್ಥಕ್ಕೆ ನಕ್ಷತ್ರ ಕೊಡೋಣ ಅಂದರು. ಉಪ್ಪು ಸುರಿದ ಪದಾರ್ಥಕ್ಕೂ ಬೇರೆ ಯಾವುದೋ ಗುಣದ ಹೆಸರಿನಲ್ಲಿ ಒಂದೆರಡು ನಕ್ಷತ್ರ ಸಿಗುತ್ತೆ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2025ರಲ್ಲಿ ಕೋರ್ಟು ಬೇಗ ತೀರ್ಮಾನ ಮಾಡಿ ಅಂತ ಗಡುವು ಹಾಕಬೇಕಾಯಿತು. ನಮಗೆ ನಕ್ಷತ್ರ ಬೇಡ. ನಕ್ಷತ್ರ ಆಕಾಶದಲ್ಲಿರಲಿ. ನಮಗೆ ಕರಿ ಮುದ್ರೆ ಬೇಕು, ಕನ್ನಡದಲ್ಲಿ ಬೇಕು.

ಇಲ್ಲಿ ನಮ್ಮವರೇ ಎತ್ತುವ ಒಂದು ತಕರಾರಿದೆ. ಅದನ್ನು ಹಗುರ ಮಾಡಬಾರದು. ‘ಊಟದ ವಿಷಯದಲ್ಲಿ ನಮಗೆ ಬುದ್ಧಿ ಹೇಳಿದವರು ಸಾಲದೇ? ಅದು ತಿನ್ನಬೇಡ, ಇದು ತಿನ್ನಬೇಡ ಅಂದದ್ದು ಸಾಲದೇ? ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡವರ ಮಾತನ್ನೇ ನೀವೂ ಹೇಳ್ತಿದ್ದೀರಲ್ಲ’ ಅಂತ ಒಬ್ಬ ಗೆಳೆಯ ಮೊನ್ನೆ ಮುಖಕ್ಕೆ ಹೊಡೆದ ಹಾಗೆ ಕೇಳಿದ. ಅವನ ಸಿಟ್ಟು ನಮ್ಮ ಸಿಟ್ಟೂ ಹೌದು. ಒಣಮೀನಿನ ಬಗ್ಗೆ ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ನಮ್ಮ ಮಕ್ಕಳ ಮೂಳೆಗೆ ಇಷ್ಟಾದರೂ ಬಲ ಸಿಕ್ಕಿದ್ದರೆ ಅದು ಆ ಮೀನಿನಿಂದ, ಗದ್ದೆ ಬದುವಿನ ಏಡಿಯಿಂದ. ಮೀನನ್ನು ಸಾರಿಗೆ ಹಾಕುವ ಮೊದಲು ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಆಮೇಲೆ ಸಾರಿನ ಉಪ್ಪು ನೋಡಿ ಹಾಕಿ ಅಂತಷ್ಟೇ ನಮ್ಮ ಮಾತು. ಮೀನು ಇರಲಿ, ಉಪ್ಪು ಹೋಗಲಿ.

ಆದರೆ ಗೆಳೆಯರೆ, ಐದು ರೂಪಾಯಿ ಪೊಟ್ಟಣ ನಮ್ಮ ಸಂಸ್ಕೃತಿಯೇ? ಬಡತನ ಹೊರಿಸಿದ್ದನ್ನು ನಮ್ಮ ರುಚಿ ಅಂತ ಅಪ್ಪಿಕೊಂಡರೆ ಹೊರಿಸಿದವನಿಗೆ ಅನುಕೂಲ. ಗಂಜಿ ನೀರು ಕುಡಿದು ಬದುಕಿದ ಅಜ್ಜಿಯ ಗಟ್ಟಿತನಕ್ಕೆ ನಾವು ಕೈ ಮುಗಿಯುತ್ತೇವೆ. ಅವಳ ಗಂಜಿಯ ಉಪ್ಪಿಗೆ ಕೈ ಮುಗಿಯಬೇಕಾಗಿಲ್ಲ.

ಉಪ್ಪನ್ನೇ ಬಿಡಿ ಅಂತಲೂ ನಾವು ಹೇಳುತ್ತಿಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಗಳಗಂಡ ಎಷ್ಟಿತ್ತು ಅಂತ ಹಿರಿಯರನ್ನು ಕೇಳಿ. ಬೆಟ್ಟದ ಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗುತ್ತೆ. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, ಆಮೇಲೆ ಉಪ್ಪಿಗೆ ಅಯೋಡಿನ್ ಬೆರೆಸುವುದು ದೇಶದ ತುಂಬ ಬಂತು. ಆದ್ದರಿಂದ ಮನೆಗೆ ಅಯೋಡಿನ್ ಉಪ್ಪೇ ಬರಲಿ, ಡಬ್ಬಿಯ ಮುಚ್ಚಳ ಭದ್ರವಾಗಿರಲಿ, ಕಡಿಮೆ ಬೀಳಲಿ. ಬಿಸಿಲಲ್ಲಿ ಬೆವರು ಸುರಿಸಿ ಗುಂಡಿ ತೋಡುವವರಿಗೆ ಉಪ್ಪು ಬೇಡವೇ ಅಂತ ಕೇಳುತ್ತಾರೆ. ಬೆವರಿದ ಮೈಗೆ ಬೇಕಾದ್ದು ಊಟದ ಉಪ್ಪಿನಲ್ಲೇ ಬರುತ್ತೆ. ಲೈನಿನ ಜಗಲಿಯಲ್ಲಿ ಕೂತ ನಾಲ್ಕು ವರ್ಷದ ಮಗು ಯಾವ ಗುಂಡಿ ತೋಡುತ್ತೆ?

ನಾಲಿಗೆ ಕಲಿತದ್ದನ್ನು ನಾಲಿಗೆ ಮರೆಯುತ್ತೆ. ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ಮೊದಲಿನ ಅಡುಗೆಯೇ ಉಪ್ಪುಪ್ಪು ಅನ್ನಿಸುತ್ತೆ. ಕಾಳುಮೆಣಸು, ಸೂಜಿಮೆಣಸು, ಹುಳಿ, ಬೆಳ್ಳುಳ್ಳಿ ಇರುವ ಬೆಟ್ಟ ಇದು. ರುಚಿಗೆ ಬರ ಇಲ್ಲ. ಆದರೆ ತಾಯಂದಿರಿಗೆ ‘ಉಪ್ಪು ಕಡಿಮೆ ಮಾಡಿ’ ಅಂತ ಉಪದೇಶ ಕೊಟ್ಟು ಎದ್ದು ಹೋಗುವವರ ಜೊತೆ ನಾವಿಲ್ಲ. ಉಪ್ಪು ಎದ್ದ ಜಾಗಕ್ಕೆ ಏನು ಬಂದು ಕೂರುತ್ತೆ? ಹೊನಗೊನೆ, ಗಣಿಕೆ, ಒಂದೆಲಗ, ಕೆಸು ಕಾಫಿ ಗಿಡದ ಬುಡದಲ್ಲೇ ಸಿಗುತ್ತಿದ್ದವು. ಕಳೆನಾಶಕ ಹೊಡೆದ ತೋಟದಲ್ಲಿ ಸೊಪ್ಪು ಎಲ್ಲಿ? ಲೈನಿನ ಹಿಂದೆ ನಾಲ್ಕು ಮಡಿ ತರಕಾರಿ ಹಾಕೋಣವೆಂದರೆ ನೆಲ ನಮ್ಮದಲ್ಲ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ನಿಲ್ಲಬೇಕಾದ ತಾಯಿ ಮಗುವಿನ ಕೈಗೆ ಪೊಟ್ಟಣ ಕೊಡದೆ ಇನ್ನೇನು ಕೊಟ್ಟಾಳು? 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ, ಐವತ್ತು ಹೆಂಗಸರು ದುಡಿಯುವ ತೋಟದಲ್ಲಿ ಕೂಸಿನ ಮನೆ ಇರಬೇಕು, ನೂರೈವತ್ತು ಕಾರ್ಮಿಕರಿರುವಲ್ಲಿ ಕ್ಯಾಂಟೀನ್ ಇರಬೇಕು ಅಂದಿತ್ತು. ಸಣ್ಣ ತೋಟಗಳಿಗೆ ಆ ಲೆಕ್ಕ ಮುಟ್ಟಲೇ ಇಲ್ಲ. ಈಗ ಆ ಕಾಯ್ದೆ 2020ರ ಸಂಹಿತೆಯೊಳಗೆ ಕರಗಿದೆ. ಕೂಸಿನ ಮನೆಯ ಪ್ರಶ್ನೆ ಕರಗಿಲ್ಲ. ಕಳಸದ ಪಕ್ಕದಲ್ಲೇ ಹೊರನಾಡಿನ ಅನ್ನಪೂರ್ಣೆ ಇದ್ದಾಳೆ, ಬಂದವರಿಗೆಲ್ಲ ಊಟ. ಅವಳ ಸುತ್ತಲಿನ ತೋಟಗಳ ಮಕ್ಕಳಿಗೆ ಮಧ್ಯಾಹ್ನ ಪೊಟ್ಟಣ.

ಒಂದು ಕೆಲಸ ಆಗಿದೆ, ಅದನ್ನೂ ಹೇಳಬೇಕು. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಬಂತು. 2021ರಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾದಾಗ ಕೆಲವು ಮಠಾಧೀಶರು ಎದ್ದು ನಿಂತರು. ಮಕ್ಕಳು ಬಿಡಲಿಲ್ಲ. 2022ರಲ್ಲಿ ಇಡೀ ರಾಜ್ಯಕ್ಕೆ ಬಂತು, 2024ರಲ್ಲಿ ವಾರಕ್ಕೆ ಆರು ದಿನ ಆಯಿತು. ಮೊಟ್ಟೆ ತಟ್ಟೆಗೆ ಬಂದ ಮೇಲೆ ಉಪ್ಪಿನಕಾಯಿ ತಾನಾಗಿಯೇ ಪಕ್ಕಕ್ಕೆ ಸರಿಯುತ್ತೆ. ನಾವು ಹೇಳಬೇಕೆಂದಿರುವುದು ಇಷ್ಟೇ. ಮಗುವಿನ ತಟ್ಟೆಯ ಉಪ್ಪು ಕಡಿಮೆಯಾಗುವುದು ತಟ್ಟೆ ತುಂಬಿದಾಗ.

ಇನ್ನು ನಮ್ಮ ಹಾಸ್ಟೆಲ್ಲುಗಳ ಸುದ್ದಿ. ನಾವು ಉಂಡ ಒಂದು ಹಾಸ್ಟೆಲ್ಲಿನಲ್ಲಿ ಸಾಂಬಾರಿನಲ್ಲಿ ಬೇಳೆ ಹುಡುಕಲು ದೀಪ ಹಚ್ಚಬೇಕಿತ್ತು. ನೀರಾದ ಸಾಂಬಾರಿಗೆ ಮೈ ಬರುವಂತೆ ಉಪ್ಪು, ಉಪ್ಪಿನ ಮೇಲೆ ಉಪ್ಪಿನಕಾಯಿ. ಬೇಳೆ ಕದ್ದದ್ದು ಉಪ್ಪಿನಲ್ಲಿ ಮುಚ್ಚಿಹೋಗುತ್ತೆ. ಅದನ್ನು ಹಿಡಿಯಲು ಒಂದು ಸುಲಭದ ಲೆಕ್ಕ ಇದೆ. ತಲೆಗೆ 5 ಗ್ರಾಂ ಅಂದರೆ ನೂರು ಜನರಿಗೆ ದಿನಕ್ಕೆ ಅರ್ಧ ಕೆ.ಜಿ., ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ನಿಮ್ಮ ಅಡುಗೆಮನೆಯಲ್ಲಿ ಎಷ್ಟು ಹೋಗುತ್ತೆ? ಆಹಾರ ಸಮಿತಿಯಲ್ಲಿ ಕೂತು ಕೇಳಿ. ಉಪ್ಪಿನ ಲೆಕ್ಕ ಕೇಳಿದರೆ ಬೇಳೆಯ ಲೆಕ್ಕ ತಾನಾಗಿ ಹೊರಬೀಳುತ್ತೆ. ಮನೆಗೂ ಇದೇ ಲೆಕ್ಕ. ಐದು ಜನರ ಮನೆಗೆ ಒಂದು ಕೆ.ಜಿ. ಉಪ್ಪು ನಲವತ್ತು ದಿನವಾದರೂ ಬರಬೇಕು. ಮಕ್ಕಳು ಚಿಕ್ಕವರಿದ್ದರೆ ಇನ್ನೂ ಹೆಚ್ಚು. ಇಪ್ಪತ್ತು ದಿನಕ್ಕೇ ಮುಗಿದರೆ ಅವ್ವನ ಜೊತೆ ಕೂತು ಮಾತಾಡಿ. ಅವಳ ಮೇಲೆ ರೇಗಬೇಡಿ, ಮಾತಾಡಿ.

2020ರ ಇನ್ನೊಂದು ನಿಯಮ ಇದೆ. ಉಪ್ಪು, ಸಕ್ಕರೆ, ಕೊಬ್ಬು ಮಿತಿ ಮೀರಿದ ಪದಾರ್ಥವನ್ನು ಶಾಲೆಯ ಒಳಗೂ, ಗೇಟಿನಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರಬಾರದು. ಟೇಪು ಹಿಡಿದು ಅಳೆಯಲು ಯಾರಿಗೂ ಪುರುಸೊತ್ತಿಲ್ಲ. ನಾವೇ ಅಳೆಯೋಣ. ಆದರೆ ಎಚ್ಚರ. ಆ ಗೂಡಂಗಡಿಯಲ್ಲಿ ಕೂತವಳು ಎಷ್ಟೋ ಕಡೆ ನಮ್ಮದೇ ಕೇರಿಯ ಗಂಡ ಸತ್ತ ಹೆಂಗಸು. ನಮ್ಮ ಜಗಳ ಅವಳ ಜೊತೆ ಅಲ್ಲ. ಹುರಿದ ಕಡಲೆಕಾಯಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಇಟ್ಟರೆ ನಾವು ಕೊಳ್ಳುತ್ತೇವೆ ಅಂತ ಅವಳಿಗೆ ಮೊದಲು ಹೇಳಿ. ಹೇಳಿದ ಮೇಲೆ ಕೊಳ್ಳಿ.

ಕೊನೆಯ ಮಾತು. ಮುಂದಿನ ರಜೆಗೆ ಹೋಗುವಾಗ ನಾವು ಪೊಟ್ಟಣದ ಸರ ಒಯ್ಯುವುದಿಲ್ಲ. ಅಕ್ಕನ ಮಗಳು ಮುನಿಸಿಕೊಳ್ಳಬಹುದು, ಅಳಬಹುದು. ಬಾಳೆಹಣ್ಣಿನ ಚಿಪ್ಪು, ಕಡಲೆಕಾಯಿ, ಒಂದು ಬಣ್ಣದ ಚಿತ್ರದ ಪುಸ್ತಕ ಒಯ್ಯುತ್ತೇವೆ. ಓದಿದ ಮಾವ ಬರಿಗೈಯಲ್ಲಿ ಬಂದ ಹಾಗೆ ಆಗುವುದಿಲ್ಲ.

ಮುಂದಿನ ಸಭೆಗೆ ಬರುವವರು ಎರಡು ವಸ್ತು ತನ್ನಿ. ನಿಮ್ಮ ಲೈನಿನ, ನಿಮ್ಮ ಕೇರಿಯ ಮಕ್ಕಳು ತಿಂದು ಬಿಸಾಕಿದ ಖಾಲಿ ಪೊಟ್ಟಣಗಳು. ನಿಮ್ಮ ಹಾಸ್ಟೆಲ್ಲಿನ ಒಂದು ತಿಂಗಳ ಉಪ್ಪಿನ ಲೆಕ್ಕ, ಅದರ ಪಕ್ಕದಲ್ಲಿ ಬೇಳೆಯ ಲೆಕ್ಕ. ಇಂಗ್ಲಿಷ್ ಬಲ್ಲವರು ಓದಿ ಹೇಳಿ, ಬಾರದವರು ಕೇಳಿ ಬರೆದುಕೊಳ್ಳಿ. ಕನ್ನಡದಲ್ಲಿ ಬರೆದು ಒಟ್ಟು ಮಾಡಿ ತಾಲೂಕು ಕಚೇರಿಗೆ ನಾವೇ ಒಯ್ಯೋಣ.